ಕಲಬುರಗಿಯಿಂದ ಬೀದರ್‌ಗೆ ಸೈಕಲ್: ಸೀಟಿನ ಕೆಳಗಿನ ಚೀಲದಲ್ಲಿ ಏನಿರಬೇಕು?

ನಸುಕಿನ ಸವಾರ (ಶುಕ್ರವಾರ, ಸಂಜೆ 6:40)
ಭಾನುವಾರ ನಸುಕಿನ ಐದಕ್ಕೆ ಕಲಬುರಗಿ ಬಿಟ್ಟು ಕಮಲಾಪುರ, ಹುಮನಾಬಾದ್, ಹಳ್ಳಿಖೇಡ ದಾರಿಯಲ್ಲಿ ಬೀದರ್ ಸೇರುವ ಯೋಚನೆ ಇದೆ. ಒಬ್ಬನೇ ಹೊರಟಿದ್ದೇನೆ. ಗೇರಿನ ಸೈಕಲ್, 700×35 ಟಯರ್, ಗಾಲಿ ಎರಡೂ ಪಾನಾ ಇಲ್ಲದೆ ಕೈಯಿಂದಲೇ ಬಿಚ್ಚುವಂಥವು. ಚೀಲ ಚಿಕ್ಕದು, ಎರಡು ಜೋಳದ ರೊಟ್ಟಿ ಸುತ್ತಿಟ್ಟರೆ ತುಂಬಿಹೋಗುತ್ತದೆ. ಸದ್ಯಕ್ಕೆ ಒಂದು ಟ್ಯೂಬ್, ಪ್ಯಾಚ್ ಡಬ್ಬಿ, ಎರಡು ಪ್ಲಾಸ್ಟಿಕ್ ಲಿವರ್, ಮಡಚಿಡುವ ಅಲೆನ್ ಕೀಗಳ ಗೊಂಚಲು ಇಟ್ಟಿದ್ದೇನೆ. ಪಂಪ್ ಇನ್ನೂ ಕೊಂಡಿಲ್ಲ. ಕೈಪಂಪ್ ಒಳ್ಳೆಯದೋ, ಗಾಲಿಗೆ ತುಂಬುವ ಕಾರ್ಬನ್ ಡೈಆಕ್ಸೈಡ್ ಗ್ಯಾಸಿನ ಪುಟ್ಟ ಸಿಲಿಂಡರೋ? ಇನ್ನೇನಾದರೂ ಮರೆತಿದ್ದೇನೆಯೇ?

ಬೀದರ್ ಬಿಸಿಲು (6:58)
ಮರೆತಿರುವುದು ಒಂದೇ, ಐನೂರರ ನೋಟು. ನೀವು ಹೋಗುತ್ತಿರುವುದು ರಾಷ್ಟ್ರೀಯ ಹೆದ್ದಾರಿ 50ರಲ್ಲಿ, ಕಾಡಿನಲ್ಲಲ್ಲ. ಕಮಲಾಪುರದಲ್ಲಿ ಪಂಕ್ಚರ್ ಅಂಗಡಿ ಇದೆ, ಹುಮನಾಬಾದ್‌ನಲ್ಲಿ ಹೈದರಾಬಾದ್ ರಸ್ತೆ ಕೂಡುವಲ್ಲಿ ಸಾಲು ಸಾಲು ಅಂಗಡಿಗಳಿವೆ. ನಾನು ಮೂರು ಸಲ ಹೋಗಿ ಬಂದಿದ್ದೇನೆ. ಚೀಲದಲ್ಲಿ ನೀರು ಮತ್ತು ಶೇಂಗಾ ಚಿಕ್ಕಿ ಬಿಟ್ಟರೆ ಏನೂ ಇರಲಿಲ್ಲ.

ಸೇಡಂ ರಸ್ತೆ (7:10)
"ಸಾಲು ಸಾಲು ಅಂಗಡಿ" ಎಂದಿರಲ್ಲ ಅಣ್ಣಾ, ಭಾನುವಾರ ಬೆಳಗಿನ ಆರಕ್ಕೆ ಅದರಲ್ಲಿ ಎಷ್ಟು ತೆರೆದಿರುತ್ತವೆ? ತೆರೆದಿದ್ದರೂ ಅಲ್ಲಿರುವುದು ಮೋಟಾರ್ ಸೈಕಲ್ ಗಾಲಿಗೆ ಹವಾ ತುಂಬುವ ನಳಿಗೆ. ಗೇರಿನ ಸೈಕಲ್‌ಗಳಲ್ಲಿ ಎಷ್ಟೋ ಸಲ ಪೆನ್ಸಿಲ್‌ನಷ್ಟು ತೆಳುವಾದ ಪ್ರೆಸ್ಟಾ ವಾಲ್ವ್ ಇರುತ್ತದೆ, ಆ ನಳಿಗೆ ಅದಕ್ಕೆ ಕೂರುವುದೇ ಇಲ್ಲ. ಕಡಲೆಕಾಳಿನಷ್ಟು ದೊಡ್ಡ ಹಿತ್ತಾಳೆ ಅಡಾಪ್ಟರ್ ಒಂದನ್ನು ವಾಲ್ವ್‌ಗೆ ತಿರುಗಿಸಿಟ್ಟರೆ ಮಾತ್ರ ನಿಮ್ಮ ಐನೂರರ ನೋಟು ಕೆಲಸಕ್ಕೆ ಬರುತ್ತದೆ.

ಬೀದರ್ ಬಿಸಿಲು (7:15)
"ಬೆಳಗಿನ ಆರಕ್ಕೆ" ಅವರು ಇನ್ನೂ ಊರ ಹೊರಗಿನ ಚಹಾದಂಗಡಿ ದಾಟಿರುವುದಿಲ್ಲ ಅಕ್ಕಾ. ಹುಮನಾಬಾದ್ ಮುಟ್ಟುವಷ್ಟರಲ್ಲಿ ಅಂಗಡಿಯವನು ಊಟದ ಡಬ್ಬಿ ಬಿಚ್ಚಿರುತ್ತಾನೆ.

ಯಾದಗಿರಿ ಎಕ್ಸ್‌ಪ್ರೆಸ್ (7:31)
"ಪಂಪ್ ಇನ್ನೂ ಕೊಂಡಿಲ್ಲ" ಎಂದಿರಿ. ಒಳ್ಳೆಯದಾಯಿತು, ಕೊಳ್ಳಲೇಬೇಡಿ. 16 ಗ್ರಾಂ ಗ್ಯಾಸಿನ ಎರಡು ಸಿಲಿಂಡರ್ ಸಾಕು, ಒಂದೊಂದೂ ಹೆಬ್ಬೆರಳಿನ ಗಾತ್ರ. ಬಾಯಿ ತಿರುಗಿಸಿದರೆ ಐದು ಸೆಕೆಂಡಿನಲ್ಲಿ ಗಾಲಿ ಗಟ್ಟಿ. ಅಂಗೈಯಗಲದ ಕೈಪಂಪ್‌ನಲ್ಲಿ ನೂರಾರು ಸಲ ಒತ್ತಿ ಭುಜ ಸೋಲಿಸಿಕೊಳ್ಳುವವರು ಬೀದರ್ ಕೋಟೆ ನೋಡುವುದು ಯಾವಾಗ?

ಹಳೇ ಪಾನಾ (8:02)
"ಐದು ಸೆಕೆಂಡು" ಸರಿ ತಮ್ಮಾ. ಆರನೆಯ ಸೆಕೆಂಡಿನಲ್ಲಿ ಕೈ ಜಾರಿ ಅರ್ಧ ಗ್ಯಾಸ್ ಆಕಾಶಕ್ಕೆ ಹೋದರೆ? ನಿನ್ನ ಬಳಿ ಎರಡೇ ಸಿಲಿಂಡರ್ ಇವೆ ಎಂದು ಬಳ್ಳಾರಿ ಜಾಲಿ ಎಣಿಸಿ ಚುಚ್ಚುವುದಿಲ್ಲ. ಆ ಗ್ಯಾಸ್ ರಬ್ಬರಿನೊಳಗಿಂದ ಬೇಗ ಸೋರುತ್ತದೆ ಕೂಡ. ಸಂಜೆ ಗಟ್ಟಿಯಾಗಿದ್ದ ಗಾಲಿ ಮರುದಿನ ಮೆತ್ತಗಿರುತ್ತದೆ, ಮತ್ತೆ ಸಾಮಾನ್ಯ ಹವಾ ತುಂಬಬೇಕು. ಇದೆಲ್ಲ ಹಾಗಿರಲಿ, ಯಾರೂ 15 ಎಂಎಂ ಪಾನಾದ ಮಾತೇ ಎತ್ತಲಿಲ್ಲವಲ್ಲ! 1994ರಲ್ಲಿ ಜೇವರ್ಗಿಯಿಂದ ವಾಪಸ್ ಬರುವಾಗ ಭೀಮಾ ಸೇತುವೆಯ ಹತ್ತಿರ ನನ್ನ ಎಡ ಪೆಡಲ್ ಕಳಚಿ ಕೈಗೆ ಬಂತು. ಪಾನಾ ಇತ್ತು, ಬಲಕ್ಕೆ ತಿರುಗಿಸಿ ಬಿಗಿ ಮಾಡಿಕೊಂಡು ಮನೆ ಸೇರಿದೆ. ಇಲ್ಲದಿದ್ದರೆ ಒಂಟಿ ಕಾಲಿನಲ್ಲಿ ತುಳಿಯಬೇಕಿತ್ತು.

ಜಾಲಿಮುಳ್ಳು (8:09)
"ಬಲಕ್ಕೆ ತಿರುಗಿಸಿ ಬಿಗಿ ಮಾಡಿಕೊಂಡು." ಸಾಧ್ಯವಿಲ್ಲ ಕಾಕಾ. ಎಡ ಪೆಡಲ್‌ಗೆ ಇರುವುದು ಉಲ್ಟಾ ಥ್ರೆಡ್. ಬಲಕ್ಕೆ ತಿರುಗಿಸಿದರೆ ಅದು ಬಿಚ್ಚಿಕೊಳ್ಳುತ್ತದೆ. ಕಥೆಯಲ್ಲಿ ಎಲ್ಲೋ ಒಂದು ಸುತ್ತು ಹೆಚ್ಚಾಗಿದೆ.

ಹಳೇ ಪಾನಾ (8:14)
"ಕಥೆ" ಎಂದೆಯಾ? ನಾನು ಕಥೆ ಕಟ್ಟುವ ವಯಸ್ಸು ದಾಟಿ ಬಹಳ ದಿನವಾಯಿತು. ನಿಮ್ಮಂಥವರು ಹುಟ್ಟುವ ಮೊದಲೇ ಕಡ್ಡಿ ಬ್ರೇಕಿನ ಸೈಕಲ್ ಮೇಲೆ ಒಂದು ಕ್ವಿಂಟಲ್ ತೊಗರಿ ಹೇರಿಕೊಂಡು ಗಂಜ್ ಮಾರುಕಟ್ಟೆಗೆ ಬಂದವನು ನಾನು. ನನಗೆ ಪೆಡಲ್ ಪಾಠ ಹೇಳಬೇಡ.

ಜಾಲಿಮುಳ್ಳು (8:20)
ತೊಗರಿ ಎಷ್ಟು ಕ್ವಿಂಟಲ್ ಹೇರಿದರೂ ಥ್ರೆಡ್‌ನ ದಿಕ್ಕು ಬದಲಾಗುವುದಿಲ್ಲ. ಬಲ ಪೆಡಲ್ ಪ್ರದಕ್ಷಿಣೆಯಾಗಿ ಬಿಗಿಯಾಗುತ್ತದೆ, ಎಡ ಪೆಡಲ್ ಅಪ್ರದಕ್ಷಿಣೆಯಾಗಿ. ಡೇಟನ್‌ನಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ರೈಟ್ ಸೋದರರೂ ಎಡ ಪೆಡಲ್‌ಗೆ ಉಲ್ಟಾ ಥ್ರೆಡ್ಡನ್ನೇ ಹಾಕುತ್ತಿದ್ದರು.

ಹಳೇ ಪಾನಾ (8:26)
ಪ್ರದಕ್ಷಿಣೆ ಯಾವುದೆಂದು ನನಗೂ ಗೊತ್ತು. ವಾರಕ್ಕೊಮ್ಮೆ ಶರಣಬಸವೇಶ್ವರರ ಗುಡಿಗೆ ಹೋಗುವವನು ನಾನು. ಆದರೆ ಯಾರು ನೋಡಿದ ಪ್ರದಕ್ಷಿಣೆ? ಅಂದು ನಾನು ಸೈಕಲ್ಲಿನ ಬಲಕ್ಕೆ ಕುಳಿತು, ಚೌಕಟ್ಟಿನ ಕೆಳಗಿನಿಂದ ಕೈ ಹಾಕಿ ಎಡ ಪೆಡಲ್ ಬಿಗಿ ಮಾಡಿದ್ದೆ. ಒಳಗಿನಿಂದ ನೋಡಿದರೆ ಬಲಕ್ಕೇ ತಿರುಗಬೇಕು. ರೈಟ್ ಸೋದರರು ವಿಮಾನ ಹಾರಿಸಲಿ, ಬೇಡ ಎಂದವರು ಯಾರು?

ಬೀದರ್ ಬಿಸಿಲು (8:33)
"ಕೈ ಹಾಕಿ"! ಮಲಗಿಸಿದರೆ ಮುಗಿಯುವ ಕೆಲಸಕ್ಕೆ ಇಷ್ಟು ಕಸರತ್ತೇ? ನನಗಿರುವ ಸಂಶಯ ಬೇರೆ. ತುಳಿದಷ್ಟೂ ಪೆಡಲ್ ಬಿಗಿಯಾಗಲಿ ಎಂದು ಉಲ್ಟಾ ಥ್ರೆಡ್ ಹಾಕಿದ್ದಾರೆ ಎನ್ನುತ್ತಾರೆ. ಹಾಗಿದ್ದರೆ ಕಾಕಾ ಅವರ ಪೆಡಲ್ ಕಳಚಿದ್ದೇಕೆ?

ಯಾದಗಿರಿ ಎಕ್ಸ್‌ಪ್ರೆಸ್ (8:41)
"ತುಳಿದಷ್ಟೂ ಬಿಗಿ" ಎಂಬುದೇ ತಪ್ಪು. ಬಲ ಪೆಡಲ್ ನೋಡಿ. ಕ್ರ್ಯಾಂಕ್, ಅಂದರೆ ಪೆಡಲ್ ಕೂರುವ ತೋಳು, ಪ್ರದಕ್ಷಿಣೆಯಾಗಿ ಸುತ್ತುವಾಗ ಪೆಡಲ್ ನಿಮ್ಮ ಪಾದದ ಕೆಳಗೆ ಸಮನಾಗಿಯೇ ಇರುತ್ತದೆ. ಅಂದರೆ ಕ್ರ್ಯಾಂಕಿನ ಲೆಕ್ಕದಲ್ಲಿ ಪೆಡಲ್ ಅಪ್ರದಕ್ಷಿಣೆಯಾಗಿ ತಿರುಗುತ್ತಿದೆ. ಬೇರಿಂಗ್‌ನ ತಿಕ್ಕಾಟ ಅಚ್ಚನ್ನು ಅದೇ ಕಡೆಗೆ, ಬಿಚ್ಚುವ ಕಡೆಗೆ ಎಳೆಯುತ್ತದೆ. ಆದ್ದರಿಂದ ಈಗಿರುವ ಥ್ರೆಡ್ಡೇ ಉಲ್ಟಾ. ಎಲ್ಲ ಕಂಪನಿಗಳೂ ನೂರು ವರ್ಷದಿಂದ ತಪ್ಪು ಮಾಡುತ್ತಿವೆ.

ಜಾಲಿಮುಳ್ಳು (8:55)
ನೂರು ವರ್ಷದಿಂದ ಜಗತ್ತಿಗೆ ಕಾಣದ ತಪ್ಪು ಯಾದಗಿರಿಯಲ್ಲಿ ಎಂಟೂ ನಲವತ್ತೊಂದಕ್ಕೆ ಕಂಡಿತು. ತಮ್ಮಾ, ಬೇರಿಂಗ್ ಚೆನ್ನಾಗಿದ್ದರೆ ಆ ತಿಕ್ಕಾಟ ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕಿಂತ ದೊಡ್ಡದೊಂದು ಬಲ ಅಲ್ಲಿದೆ. ಅಚ್ಚು ಎಷ್ಟು ಬಿಗಿಯಾಗಿ ಕುಳಿತಿದ್ದರೂ ತೂತಿನಲ್ಲಿ ಕೂದಲೆಳೆಯಷ್ಟು ಜಾಗ ಉಳಿಯುತ್ತದೆ. ಕಾಲಿನ ಭಾರ ಯಾವಾಗಲೂ ಕೆಳಮುಖ, ಕ್ರ್ಯಾಂಕ್ ಮಾತ್ರ ಸುತ್ತುತ್ತಿರುತ್ತದೆ. ಹಾಗಾಗಿ ಭಾರ ಬೀಳುವ ಜಾಗ ತೂತಿನ ಗೋಡೆಯ ಮೇಲೆ ಒಂದು ಕಡೆಗೆ ಸುತ್ತುತ್ತಾ ಹೋದರೆ, ಅಚ್ಚು ಆ ಗೋಡೆಯ ಮೇಲೆ ಉರುಳುತ್ತಾ ಇನ್ನೊಂದು ಕಡೆಗೆ ತಿರುಗುತ್ತದೆ. ಇದು ಪ್ರಿಸೆಶನ್. ಬಲ ಪೆಡಲ್‌ನಲ್ಲಿ ಅದು ಬಿಗಿಯಾಗುವ ದಿಕ್ಕು. ಬೇರಿಂಗ್ ಜಾಮ್ ಆದಾಗ ಮಾತ್ರ ನೀವು ಹೇಳಿದಂತೆ ಪೆಡಲ್ ಬಿಚ್ಚಿಕೊಳ್ಳುತ್ತದೆ. ಅದೂ ಒಳ್ಳೆಯದೇ, ಕಾಲಾದರೂ ಉಳಿಯುತ್ತದೆ.

ಯಾದಗಿರಿ ಎಕ್ಸ್‌ಪ್ರೆಸ್ (8:59)
"ನೀವು ಹೇಳಿದಂತೆ ಪೆಡಲ್ ಬಿಚ್ಚಿಕೊಳ್ಳುತ್ತದೆ." ಒಪ್ಪಿಕೊಂಡಿದ್ದಕ್ಕೆ ಧನ್ಯವಾದ.

ನಸುಕಿನ ಸವಾರ (9:04)
ದಯವಿಟ್ಟು, ಪಂಪ್ ವಿಷಯ ಏನಾಯಿತು? ಅಂಗಡಿ ಒಂಬತ್ತೂವರೆಗೆ ಮುಚ್ಚುತ್ತದೆ.

ಸೇಡಂ ರಸ್ತೆ (9:12)
ಕೈಪಂಪ್ ಕೊಳ್ಳಿ, ಎದ್ದು ಹೋಗಿ. ನಿಮ್ಮ ಟ್ಯೂಬಿನ ವಾಲ್ವ್‌ಗೆ ಕೂರುತ್ತದೆಯೇ ಎಂದು ಅಂಗಡಿಯಲ್ಲೇ ಹಚ್ಚಿ ನೋಡಿ.

ಜಾಲಿಮುಳ್ಳು ಅವರು ಹೇಳಿದ್ದನ್ನು ನಾನು ಈಗಷ್ಟೇ ಪರೀಕ್ಷಿಸಿದೆ. ಸಡಿಲ ಮುಷ್ಟಿಯಲ್ಲಿ ಪೆನ್ನು ಹಿಡಿದು, ಅದರ ತುದಿಯನ್ನು ಇನ್ನೊಂದು ಕೈಯ ಬೆರಳಿನಿಂದ ಗುಂಡಗೆ ಆಡಿಸಿದೆ. ಪೆನ್ನು ನಿಜವಾಗಿಯೂ ಎದುರು ದಿಕ್ಕಿಗೆ ತಿರುಗಿತು, ಮುಚ್ಚಳದ ಕ್ಲಿಪ್ ನೋಡುತ್ತಿದ್ದರೆ ಗೊತ್ತಾಗುತ್ತದೆ. ಸವಾರರೇ, ನಿಮ್ಮ ಪೆಡಲ್ ಅಚ್ಚಿನ ಒಳತುದಿ ನೋಡಿ. ಅಲ್ಲಿ 6 ಅಥವಾ 8 ಎಂಎಂನ ಆರು ಮೂಲೆಯ ಗುಳಿ ಇದ್ದರೆ ಅಲೆನ್ ಕೀಯಿಂದ ಒಳಗಿನಿಂದಲೇ ಬಿಗಿ ಮಾಡಬಹುದು, 15ರ ಪಾನಾದ ಭಾರ ಉಳಿಯಿತು.

ಹಳೇ ಪಾನಾ (9:15)
"ಒಳಗಿನಿಂದಲೇ ಬಿಗಿ ಮಾಡಬಹುದು." ನೋಡಿದಿರಾ! ನಾನು ಒಂದು ತಾಸಿನಿಂದ ಹೇಳುತ್ತಿರುವುದು ಇದನ್ನೇ. ಅಕ್ಕಾವರು ಹೇಳಿದರೆ ಸರಿ, ನಾನು ಹೇಳಿದರೆ ಕಥೆ.

ಜಾಲಿಮುಳ್ಳು (9:18)
ಅವರು ಅಲೆನ್ ಕೀ ಎಂದರು ಕಾಕಾ, ನೀವು ಪಾನಾ ಎಂದಿರಿ. 1994ರ ನಿಮ್ಮ ಸೈಕಲ್ಲಿಗೆ ಆ ಗುಳಿ ಎಲ್ಲಿತ್ತು?

ಹಳೇ ಪಾನಾ (9:21)
ಗುಳಿ ಇತ್ತೆಂದು ನಾನು ಎಲ್ಲಿ ಹೇಳಿದೆ? ಓದಲು ಬಾರದವರ ಜೊತೆ ವಾದ ಬೇಡ. ಎರಡು ತುದಿಯೂ ಗುಂಡಗೆ, ಸುತ್ತಲೂ ತೂತುಗಳಿರುವ ಹಳೆಯ ಪಾನಾವನ್ನು ನೀವೆಲ್ಲ ಕಣ್ಣಿನಿಂದಲೂ ಕಂಡಿರಲಿಕ್ಕಿಲ್ಲ.

ಬೀದರ್ ಬಿಸಿಲು (9:30)
ನಮ್ಮ ಮನೆಯಲ್ಲಿದೆ, ಮಗ ಗೋಲಿ ಅಳೆಯಲು ಬಳಸುತ್ತಾನೆ. ಆ ಪೆನ್ನಿನ ಪರೀಕ್ಷೆ ನಾನೂ ಮಾಡಿದೆ. ನನ್ನ ಪೆನ್ನು ತಿರುಗಲೇ ಇಲ್ಲ.

ಸೇಡಂ ರಸ್ತೆ (9:33)
ಮುಷ್ಟಿ ಸಡಿಲ ಮಾಡಿ ಅಣ್ಣಾ.

ಬೀದರ್ ಬಿಸಿಲು (9:34)
ಮುಷ್ಟಿ ಸಡಿಲ ಮಾಡಿದರೆ ಎಲ್ಲವೂ ತಿರುಗುತ್ತದೆ. ಪೆಡಲ್ ಬಿಗಿಯಾಗಿರುತ್ತದೆಯಲ್ಲ?

ನಸುಕಿನ ಸವಾರ (9:58)
ಕೈಪಂಪ್ ತಂದೆ, ವಾಲ್ವ್‌ಗೆ ಕೂರುತ್ತದೆ. ಅಡಾಪ್ಟರ್ ಕೂಡ ಸಿಕ್ಕಿತು. ಪೆಡಲ್‌ನಲ್ಲಿ ಗುಳಿ ಇಲ್ಲ, ಪಾನಾ ಹಿಡಿಯುವ ಚಪ್ಪಟೆ ಜಾಗ ಮಾತ್ರ ಇದೆ.

ಯಾದಗಿರಿ ಎಕ್ಸ್‌ಪ್ರೆಸ್ (10:03)
ನಾನು ಕೈಪಂಪ್ ಕೆಟ್ಟದ್ದು ಎಂದಿರಲಿಲ್ಲ, ಕೊಳ್ಳಬೇಡಿ ಎಂದಿದ್ದೆ ಅಷ್ಟೆ.

ಸೇಡಂ ರಸ್ತೆ (10:11)
ಪ್ಯಾಚ್ ಡಬ್ಬಿಯ ಸಲ್ಯೂಷನ್ ಹೊಸದೋ, ಬಾಯಿ ಒಡೆದದ್ದೋ? ಒಮ್ಮೆ ಒಡೆದದ್ದು ಕೆಲವು ತಿಂಗಳಲ್ಲಿ ಒಳಗೇ ಒಣಗುತ್ತದೆ. ಟ್ಯೂಬ್ ಹೊರಗಿನಿಂದ ಗುಂಡಗೆ ಕಾಣುತ್ತದೆ, ಹಿಂಡಿದರೆ ಬರೀ ಗಾಳಿ. ಈಗಲೇ ಹಿಂಡಿ ನೋಡಿ. ಪ್ಯಾಚ್ ಹಚ್ಚುವಾಗ ಸಲ್ಯೂಷನ್ ಬಳಿದ ಕೂಡಲೇ ಅಂಟಿಸಬೇಡಿ. ಹೊಳಪು ಹೋಗಿ ಮುಟ್ಟಿದರೆ ಬೆರಳಿಗೆ ಅಂಟದಷ್ಟು ಒಣಗಲು ಐದು ನಿಮಿಷ ಬಿಡಬೇಕು.

ಹೊಸ ಟ್ಯೂಬ್ ಹಾಕುವ ಮೊದಲು ಟಯರಿನ ಒಳಮೈಯನ್ನು ಹತ್ತಿ ಬಟ್ಟೆಯಿಂದ ಒಂದು ಸುತ್ತು ಸವರಿ. ಜಾಲಿ ಮುಳ್ಳು ಹೊರಗೆ ಮುರಿದು ಬೀಳುತ್ತದೆ, ತುದಿ ಮಾತ್ರ ರಬ್ಬರಿನಲ್ಲಿ ಉಳಿಯುತ್ತದೆ. ಬೆರಳಿಗೆ ತಾಗದ ಆ ತುದಿ ಬಟ್ಟೆಯ ನೂಲಿಗೆ ಸಿಕ್ಕಿಕೊಳ್ಳುತ್ತದೆ. ಕಳೆದ ಬೇಸಿಗೆಯಲ್ಲಿ ಮಳಖೇಡದ ಹತ್ತಿರ ಇದನ್ನು ಮಾಡದೆ, ಹತ್ತು ನಿಮಿಷದಲ್ಲಿ ಎರಡನೆಯ ಟ್ಯೂಬನ್ನೂ ಕಳೆದುಕೊಂಡು ಬಿಸಿಲಿನಲ್ಲಿ ನಿಂತಿದ್ದೆ. ಹುಬ್ಬು ಕೀಳುವ ಚಿಮ್ಮಟ ಒಂದಿರಲಿ, ತೂಕವೇ ಇಲ್ಲ. ತುಂಡಾದ ಚೈನ್ ಕೂಡಿಸಲು ನಿಮ್ಮ ಗೇರಿಗೆ ಹೊಂದುವ ಚೈನ್ ಲಾಕ್ ಒಂದು ಜೋಡಿ ಕೂಡ.

ಹಳೇ ಪಾನಾ (10:20)
ಟಯರ್ ಸೀಳಿದರೆ ಒಳಗೆ ಇಡಲು ಹತ್ತರ ನೋಟು ನಾಲ್ಕು ಮಡಿಕೆ ಮಾಡಿ ಇಟ್ಟುಕೊಳ್ಳಿ. ಈಗಿನವರು ಚಹಾಕ್ಕೂ ಮೊಬೈಲ್‌ನಿಂದ ದುಡ್ಡು ಕಳಿಸುತ್ತೀರಿ. ರಸ್ತೆಯಲ್ಲಿ ಟಯರ್ ಸೀಳಿದಾಗ ಏನನ್ನು ಮಡಚಿ ಇಡುತ್ತೀರಿ?

ಬೀದರ್ ಬಿಸಿಲು (10:22)
ಅದಕ್ಕೇ ನಾನು ಮೊದಲೇ ಐನೂರರ ನೋಟು ಎಂದಿದ್ದು.

ನಸುಕಿನ ಸವಾರ (ಶನಿವಾರ, ರಾತ್ರಿ 8:30)
ಸಲ್ಯೂಷನ್ ಹಿಂಡಿದೆ, ಒಣಗಿತ್ತು. ಹೊಸದು ತಂದೆ. ಪೆಡಲ್ ಅಲುಗಾಡಿಸಿ ನೋಡಿದರೆ ಎಡಗಡೆಯದು ಸ್ವಲ್ಪ ಸಡಿಲವಿತ್ತು. ಕಳೆದ ತಿಂಗಳು ಸರ್ವಿಸ್ ಮಾಡಿದವರು ಪೂರ್ತಿ ಬಿಗಿ ಮಾಡಿರಲಿಲ್ಲ. ಪಕ್ಕದ ಮನೆಯಿಂದ 15ರ ಪಾನಾ ತಂದು ಬಿಗಿ ಮಾಡಿದೆ. ಈಗ ಅದನ್ನು ಒಯ್ಯಬೇಕೋ, ಮನೆಯಲ್ಲೇ ಬಿಗಿಯಾದ ಮೇಲೆ ಬಿಟ್ಟುಹೋಗಬೇಕೋ?

ಹಳೇ ಪಾನಾ (8:36)
"15ರ ಪಾನಾ ತಂದು ಬಿಗಿ ಮಾಡಿದೆ." ಇನ್ನು ನಾನು ಏನೂ ಹೇಳಬೇಕಾಗಿಲ್ಲ.

ಜಾಲಿಮುಳ್ಳು (8:44)
ಮನೆಯಲ್ಲಿ ಬಿಗಿ ಮಾಡಿದರೆ ರಸ್ತೆಗೆ ಒಯ್ಯುವ ಅಗತ್ಯವಿಲ್ಲ ಎಂಬುದು ಇದರಿಂದ ಸಾಬೀತಾಯಿತು. ಒಯ್ಯುವುದೇ ಆದರೆ ಒಳಗಿನಿಂದ, ಹೊರಗಿನಿಂದ ಎಂಬ ಗೊಂದಲ ಬೇಡ. ಎಡವಾಗಲಿ ಬಲವಾಗಲಿ, ಪಾನಾವನ್ನು ಮುಂದಿನ ಗಾಲಿಯ ಕಡೆಗೆ ತಿರುಗಿಸಿದರೆ ಬಿಗಿ, ಹಿಂದಿನ ಗಾಲಿಯ ಕಡೆಗೆ ತಿರುಗಿಸಿದರೆ ಸಡಿಲ.

ಹಳೇ ಪಾನಾ (8:47)
ಪಾನಾದ ಹಿಡಿ ಮೇಲಿದ್ದಾಗಲೋ, ಕೆಳಗಿದ್ದಾಗಲೋ?

ಜಾಲಿಮುಳ್ಳು (8:58)
ಮೇಲಿದ್ದಾಗ. ಅದನ್ನೂ ಬರೆಯಬೇಕೇ?

ಹಳೇ ಪಾನಾ (8:59)
ನನ್ನದು ಕೆಳಗಿತ್ತು.