ಬಕೆಟ್ ಹೈಡ್ರೋಪೋನಿಕ್ಸ್ (ಮಣ್ಣಿಲ್ಲದೆ ಗೊಬ್ಬರದ ನೀರಲ್ಲಿ ಬೆಳೆಸೋದು): ನಾಟಿ ಮಾಡಿದ ಮೆಣಸಿನ ಸಸಿ ನೀರಲ್ಲಿದ್ದೂ ಬಾಡುತ್ತಿದೆ

ತಾರಸಿತೋಟ:
ನಮಸ್ಕಾರ. ಪ್ರೋಟ್ರೇಯಲ್ಲಿ (ಸಸಿ ಬೆಳೆಸುವ ಗುಳಿಗಳ ತಟ್ಟೆ) ಬೆಳೆದ ಬ್ಯಾಡಗಿ ಮೆಣಸಿನ ಸಸಿಯನ್ನು ಬಕೆಟ್‌ಗೆ ಹಾಕಿ 5 ದಿನ ಆಯ್ತು. ಮಧ್ಯಾಹ್ನ ಎಲೆ ಜೋತುಬೀಳುತ್ತೆ, ಸಂಜೆಯಾದ್ರೂ ಏಳಲ್ಲ. ಚಿಗುರು ಹಳದಿಯಾಗಿದೆ, ನರ ಮಾತ್ರ ಹಸಿರು.

ಜಾಗ ಬೆಂಗಳೂರಿನ ತಾರಸಿ, ಏಪ್ರಿಲ್ ಬಿಸಿಲು. 20 ಲೀಟರಿನ ಬಿಳಿ ಪೇಂಟ್ ಬಕೆಟ್, 3 ಇಂಚಿನ ನೆಟ್ ಪಾಟ್ (ಮುಚ್ಚಳದಲ್ಲಿ ಕೂರುವ ಜಾಲರಿ ಕುಂಡ), ಅದಕ್ಕೆ ತುಂಬಿದ ಕ್ಲೇ ಬಾಲ್ (ಸುಟ್ಟ ಜೇಡಿಮಣ್ಣಿನ ಗುಂಡು), ಅಕ್ವೇರಿಯಂ ಪಂಪ್, ನೀರಲ್ಲಿ ಗುಳ್ಳೆ ಬಿಡುವ ಒಂದು ಏರ್ ಸ್ಟೋನ್. ನೆಟ್ ಪಾಟಿನ ಅರ್ಧದವರೆಗೆ ನೀರಿದೆ. ಬೋರ್ ನೀರಿನ ಇಸಿ (ಕರಗಿದ ಲವಣ ಎಷ್ಟಿದೆ ಅಂತ ವಿದ್ಯುತ್ ಹರಿವಿನಿಂದ ಅಳೆಯೋದು) 0.8. ಲೀಟರಿಗೆ 1 ಗ್ರಾಂ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ ಗೊಬ್ಬರ) ಹಾಕಿದ ಮೇಲೆ ಇಸಿ 1.5, ಪಿಎಚ್ 7.6. ಮಧ್ಯಾಹ್ನ 2 ಗಂಟೆಗೆ ನೀರು 31 ಡಿಗ್ರಿ. ಗೊಬ್ಬರ ಹೆಚ್ಚಿಸಬೇಕಾ?

ಬೇರುನೀರು:
ಬೇಡ, ಗೊಬ್ಬರಕ್ಕೆ ಈಗ ಕೈ ಹಾಕಬೇಡಿ. ಅಳತೆಗಳನ್ನು ಕೊಟ್ಟಿದ್ದು ಒಳ್ಳೇದಾಯ್ತು. ನಿಮ್ಮ ಸಸಿಗೆ ನೀರು ಸಾಲದೆ ಹೀಗಾಗಿಲ್ಲ, ಬೇರಿಗೆ ಉಸಿರು ಕಟ್ಟಿದೆ. ಆಮ್ಲಜನಕ ಇಲ್ಲದ ಬೇರು ನೀರು ಹೀರಲ್ಲ, ಅದಕ್ಕೇ ನೀರಿನ ಮಧ್ಯೆ ಇದ್ದೂ ಎಲೆ ಬಾಡೋದು. ಬರೀ ಬಿಸಿಲಿಗೆ ಬಾಡಿದ ಗಿಡ ಸಂಜೆಗೆ ತಲೆ ಎತ್ತುತ್ತೆ. ನಿಮ್ಮದು ಏಳ್ತಿಲ್ಲ ಅಂದ್ರೆ ತೊಂದರೆ ಬೇರಲ್ಲಿದೆ.

20 ಡಿಗ್ರಿ ನೀರಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿರುತ್ತೆ, 30 ಡಿಗ್ರಿಯಲ್ಲಿ ಅದು 7.5. ಇದು ಸಮುದ್ರಮಟ್ಟದ ಲೆಕ್ಕ, ಬೆಂಗಳೂರಿನ ಎತ್ತರದಲ್ಲಿ ಇನ್ನೂ ಕಡಿಮೆ. ನೀರು ಕಾದಷ್ಟೂ ಬೇರಿಗೆ ಬೇಕಾಗುವ ಆಮ್ಲಜನಕ ಹೆಚ್ಚುತ್ತೆ, ಸಿಗೋದು ಕಡಿಮೆಯಾಗುತ್ತೆ. ಬೇರು ಕೊಳೆಸುವ ಪಿಥಿಯಂ ಅನ್ನೋ ರೋಗಾಣುವಿಗೆ ಇದಕ್ಕಿಂತ ಒಳ್ಳೆ ಕಾಲ ಇಲ್ಲ.

ಮುಚ್ಚಳ ಎತ್ತಿ ನೋಡಿ ಹೇಳಿ: ಬೇರಿನ ಬಣ್ಣ ಏನು, ಬೆರಳಿಗೆ ಲೋಳೆ ಹತ್ತುತ್ತಾ, ಮೂಸಿದ್ರೆ ಯಾವ ವಾಸನೆ? ಪ್ರೋಟ್ರೇಯ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತೊಳೆದು ನೆಟ್ಟಿದ್ರಾ, ಉಂಡೆ ಸಮೇತ ಇಟ್ರಾ?

ತಾರಸಿತೋಟ:
ಉಂಡೆ ಸಮೇತ ಇಟ್ಟಿದ್ದೆ. ಉಂಡೆ ಪೂರ್ತಿ ನೀರಲ್ಲಿ ಮುಳುಗಿದೆ. ಉಂಡೆಯೊಳಗಿನ ಬೇರು ಕಂದು, ಸ್ವಲ್ಪ ಲೋಳೆ, ಚರಂಡಿ ತರ ವಾಸನೆ. ಪಕ್ಕದಿಂದ ಹೊಸದಾಗಿ ಎರಡು ಬಿಳಿ ಎಳೆ ಬಂದಿವೆ, ಅರ್ಧ ಇಂಚು ಇರಬಹುದು. ಏರ್ ಸ್ಟೋನಿನ ಒಂದು ಬದಿಯಿಂದ ಮಾತ್ರ ಗುಳ್ಳೆ ಬರ್ತಿದೆ.

ಬೇರುನೀರು:
ಆ ಎರಡು ಬಿಳಿ ಎಳೆ ಇವೆಯಲ್ಲ, ಗಿಡ ಉಳಿಯುತ್ತೆ. ಇವತ್ತು ಸಂಜೆ ಬಿಸಿಲು ಇಳಿದ ಮೇಲೆ ಹೀಗೆ ಮಾಡಿ.

ಒಂದು ಅಗಲ ಪಾತ್ರೆಯಲ್ಲಿ ನೀರು ತುಂಬಿ ಉಂಡೆಯನ್ನು ಹತ್ತು ನಿಮಿಷ ನೆನೆಹಾಕಿ. ನೀರೊಳಗೇ ಮೆಲ್ಲಗೆ ಅಲ್ಲಾಡಿಸಿದ್ರೆ ಕೋಕೋಪೀಟ್ ತಾನಾಗಿ ಉದುರುತ್ತೆ. ಎಳೆಯಬೇಡಿ. ಬೇರಿಗೆ ಅಂಟಿಕೊಂಡು ಉಳಿದ ನಾಲ್ಕು ಚೂರು ಇರಲಿ, ಅದಕ್ಕಾಗಿ ಹೊಸ ಬೇರು ಮುರಿಯೋದು ನಷ್ಟದ ವ್ಯಾಪಾರ. ಮುಟ್ಟಿದ್ರೆ ಸಿಪ್ಪೆ ಸುಲಿದು ಒಳಗೆ ನೂಲಿನಂತೆ ಉಳಿಯುವ ಬೇರು ಸತ್ತಿದೆ, ಅದನ್ನು ಕತ್ತರಿಸಿ. ಕಂದು ಇದ್ರೂ ಗಟ್ಟಿಯಾಗಿದ್ರೆ ಬಿಡಿ, ಅದು ಕೋಕೋಪೀಟಿನ ಬಣ್ಣ ಅಷ್ಟೆ.

ಬಕೆಟ್, ನೆಟ್ ಪಾಟ್, ಕ್ಲೇ ಬಾಲ್ ಎಲ್ಲ ಚೆನ್ನಾಗಿ ತೊಳೆಯಿರಿ. ಏರ್ ಸ್ಟೋನಿಗೆ ಕೋಕೋಪೀಟ್ ಪುಡಿ ತುಂಬಿದೆ, ಹೊಸದು ಹಾಕಿ. ನೆಡುವಾಗ ಕಾಂಡ ಮತ್ತು ಬೇರು ಸೇರುವ ಜಾಗ ನೀರಿನ ಮೇಲೆ ಇರಬೇಕು. ಟೊಮೇಟೊ ಕಾಂಡ ಹೂತರೆ ಬೇರು ಬಿಡುತ್ತೆ, ಮೆಣಸಿನದು ಕೊಳೆಯೋದೇ ಹೆಚ್ಚು. ನೀರು ನೆಟ್ ಪಾಟಿನ ತಳಕ್ಕೆ ಒಂದು ಸೆಂಟಿಮೀಟರ್ ತಾಗಿದ್ರೆ ಸಾಕು, ಗುಳ್ಳೆ ಒಡೆದು ಸಿಡಿಯುವ ಹನಿ ಮಿಕ್ಕ ಬಾಲ್‌ಗಳನ್ನು ಒದ್ದೆ ಇಡುತ್ತೆ. ಮೂರು ದಿನ ಪೂರ್ತಿ ನೆರಳು.

ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡಿ. ಆಗದಿದ್ರೆ ಪೈಪಿನಲ್ಲಿ ನಾನ್ ರಿಟರ್ನ್ ವಾಲ್ವ್ ಬೇಕೇ ಬೇಕು. ಕರೆಂಟು ಹೋದಾಗ ನೀರು ಹಿಮ್ಮುಖ ಹರಿದು ಪಂಪು ಸುಡುತ್ತೆ.

ಹಸಿಮೆಣಸು:
ಬೇರಿನ ಮಾತು ಸರಿ. ಚಿಗುರಿನ ಹಳದಿಗೆ ಕಾರಣ ಬೇರೆ. ಹಳೆ ಎಲೆ ಹಳದಿಯಾಗಿದ್ರೆ ಸಾರಜನಕದ ಕೊರತೆ ಅನ್ನಬಹುದಿತ್ತು. ಚಿಗುರು ಹಳದಿ, ನರ ಹಸಿರು ಅಂದ್ರೆ ಕಬ್ಬಿಣ. ನಿಮ್ಮ ಗೊಬ್ಬರದಲ್ಲಿ ಕಬ್ಬಿಣ ಹೆಸರಿಗಾದ್ರೂ ಇದೆಯೋ ಇಲ್ಲವೋ ನೋಡಿ, ಇದ್ರೂ 7.6 ಪಿಎಚ್‌ನಲ್ಲಿ ಗಿಡಕ್ಕೆ ಸಿಗಲ್ಲ. ಪಿಎಚ್ 5.8ರಿಂದ 6.2ರೊಳಗೆ ಇರಲಿ.

19:19:19 ಹೊಲಕ್ಕೆ ಒಳ್ಳೇದು, ಬಕೆಟ್‌ಗಲ್ಲ. ಚೀಲದ ಹಿಂಭಾಗ ಓದಿ: ಸಾರಜನಕದಲ್ಲಿ ಅರ್ಧಕ್ಕಿಂತ ಹೆಚ್ಚು ಯೂರಿಯಾ ರೂಪದಲ್ಲಿದೆ. ಮಣ್ಣಲ್ಲಿ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟ್ ಮಾಡಿಕೊಡ್ತವೆ, ಹೊಸ ಬಕೆಟ್ಟಲ್ಲಿ ಆ ಜೀವಿಗಳೇ ಇಲ್ಲ. ಯೂರಿಯಾ ವಿದ್ಯುತ್ ಹರಿಸದ ಕಾರಣ ಇಸಿ ಮೀಟರಿಗೆ ಅದು ಕಾಣೋದೂ ಇಲ್ಲ. ಇನ್ನು ಕ್ಯಾಲ್ಸಿಯಂ, ಮೆಗ್ನೀಸಿಯಂ ಅದರಲ್ಲಿಲ್ಲ.

ಸಸಿಗೆ ಅರ್ಧ ಶಕ್ತಿಯ ದ್ರಾವಣ, 15 ಲೀಟರಿಗೆ:
ಕ್ಯಾಲ್ಸಿಯಂ ನೈಟ್ರೇಟ್ 6 ಗ್ರಾಂ
ಪೊಟ್ಯಾಸಿಯಂ ನೈಟ್ರೇಟ್ 13:0:45, 3 ಗ್ರಾಂ
0:52:34 (ಮೋನೋ ಪೊಟ್ಯಾಸಿಯಂ ಫಾಸ್ಫೇಟ್), 1.5 ಗ್ರಾಂ
ಮೆಗ್ನೀಸಿಯಂ ಸಲ್ಫೇಟ್ 3 ಗ್ರಾಂ
ಕಬ್ಬಿಣ ಸೇರಿದ ಚೀಲೇಟೆಡ್ (ನೀರಲ್ಲಿ ಕರಗಿಯೇ ಉಳಿಯುವ ರೂಪದ) ಸೂಕ್ಷ್ಮ ಪೋಷಕಾಂಶ ಮಿಶ್ರಣ, 15 ಲೀಟರಿಗೆ 18 ಮಿಲಿಗ್ರಾಂ ಕಬ್ಬಿಣ ಸಿಗುವಷ್ಟು. ಪೊಟ್ಟಣದ ಮೇಲಿನ ಶೇಕಡಾವಾರು ನೋಡಿ ಲೆಕ್ಕ ಹಾಕಿ.

ಕ್ಯಾಲ್ಸಿಯಂ ನೈಟ್ರೇಟನ್ನು ಬೇರೆ ಲೋಟದಲ್ಲೇ ಕರಗಿಸಿ. ಮಿಕ್ಕಿದ್ದೆಲ್ಲ ಬಕೆಟ್ಟಿನ ನೀರಿಗೆ ಸೇರಿ ತಿಳಿಯಾದ ಮೇಲೆ ಕೊನೆಗೆ ಅದನ್ನು ಸುರಿಯಿರಿ. ಗಟ್ಟಿ ದ್ರಾವಣಗಳನ್ನು ನೇರ ಬೆರೆಸಿದ್ರೆ ಸುಣ್ಣದ ನೀರಿನಂತೆ ಬೆಳ್ಳಗಾಗುತ್ತೆ. ತಳಕ್ಕೆ ಕೂತ ಆ ಬಿಳಿ ಪುಡಿ ಮತ್ತೆ ಕರಗಲ್ಲ, ಗಿಡಕ್ಕೆ ಕ್ಯಾಲ್ಸಿಯಮ್ಮೂ ಇಲ್ಲ, ರಂಜಕವೂ ಇಲ್ಲ.

ನೀರು: 10 ಲೀಟರ್ ಆರ್‌ಒ, 5 ಲೀಟರ್ ಬೋರ್. ಇಸಿ ಒಟ್ಟು 1.1ರ ಹತ್ತಿರ ಬರಬೇಕು. ಅಪಾರ್ಟ್‌ಮೆಂಟಿನ ಸಾಫ್ಟ್‌ನರ್ ನೀರು ಮಾತ್ರ ಬೇಡ. ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಬಿಡುತ್ತೆ, ಮೀಟರಿನಲ್ಲಿ ವ್ಯತ್ಯಾಸವೇ ಗೊತ್ತಾಗಲ್ಲ.

ತಾರಸಿತೋಟ:
ಪಿಎಚ್ ಇಳಿಸೋಕೆ ನಿಂಬೆರಸ ಆಗುತ್ತಾ? ಬಕೆಟ್ ತಂಪಾಗಿಡೋದು ಹೇಗೆ?

ಹಸಿಮೆಣಸು:
ನಿಂಬೆರಸದ ಸಿಟ್ರಿಕ್ ಆಮ್ಲವನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸ್ತವೆ. ಒಂದೆರಡು ದಿನದಲ್ಲಿ ಪಿಎಚ್ ಮತ್ತೆ ಮೇಲೆ, ಜೊತೆಗೆ ಲೋಳೆ. ಫಾಸ್ಫಾರಿಕ್ ಆಮ್ಲ ತನ್ನಿ. ಕೈಗವಸು ಹಾಕಿ, 1 ಲೀಟರ್ ನೀರಿಗೆ 10 ಮಿಲಿ ಆಮ್ಲ ಸೇರಿಸಿ. ನೀರಿಗೆ ಆಮ್ಲ, ಆಮ್ಲಕ್ಕೆ ನೀರಲ್ಲ. ಈ ದ್ರಾವಣವನ್ನು ಬಕೆಟ್‌ಗೆ 5 ಮಿಲಿಯಂತೆ ಹಾಕಿ, 15 ನಿಮಿಷ ಗುಳ್ಳೆ ಓಡಲಿ, ಆಮೇಲೆ ಅಳೆಯಿರಿ. ಬೋರ್ ನೀರಿನ ಬೈಕಾರ್ಬೊನೇಟ್ ಮುಗಿಯೋವರೆಗೆ ಮರುದಿನ ಪಿಎಚ್ ಏರೋದು ಸಹಜ.

ಬೇರುನೀರು:
ರಾತ್ರಿ ಬಕೆಟ್ಟೊಳಗೆ ಮೊಬೈಲ್ ಟಾರ್ಚ್ ಹಚ್ಚಿ ಮುಚ್ಚಳ ಹಾಕಿ ನೋಡಿ. ಬಿಳಿ ಪೇಂಟ್ ಬಕೆಟ್ ಲಾಟೀನಿನಂತೆ ಹೊಳೆಯುತ್ತೆ. ಅಷ್ಟು ಬೆಳಕು ಹೋದ್ರೆ ಪಾಚಿ ಖಂಡಿತ. ಹೊರಗಡೆ ಒಂದು ಕೋಟ್ ಕಪ್ಪು, ಅದರ ಮೇಲೆ ಎರಡು ಕೋಟ್ ಬಿಳಿ ಬಣ್ಣ ಹೊಡೆಯಿರಿ. ಕಪ್ಪು ಬೆಳಕು ತಡೆಯುತ್ತೆ, ಬಿಳಿ ಬಿಸಿಲನ್ನು ವಾಪಸ್ ಕಳಿಸುತ್ತೆ. ತಾರಸಿಯ ಕಾಂಕ್ರೀಟಿಂದ ಬಿಸಿ ಏರದಂತೆ ಕೆಳಗೆ ಥರ್ಮಾಕೋಲ್ ಇಡಿ, ಸುತ್ತ ಒದ್ದೆ ಗೋಣಿಚೀಲ ಸುತ್ತಿ. 24 ಡಿಗ್ರಿಯೊಳಗೆ ಬಂದ್ರೆ ಗೆದ್ದ ಹಾಗೆ. ಅಷ್ಟಕ್ಕೂ ಇಳಿಯದಿದ್ರೆ ಹೆಪ್ಪುಗಟ್ಟಿದ ಒಂದು ಲೀಟರ್ ಬಾಟಲಿಯನ್ನು ಮಧ್ಯಾಹ್ನ ನೀರಿಗಿಳಿಸಿ.

ತಾರಸಿತೋಟ:
9 ದಿನದ ನಂತರ: ಬಿಳಿ ಬೇರು ನೆಟ್ ಪಾಟಿನಿಂದ 8 ಸೆಂಟಿಮೀಟರ್ ಕೆಳಗಿಳಿದಿದೆ. ವಾಸನೆ ಇಲ್ಲ. ಪಿಎಚ್ 6.1, ನೀರು 25 ಡಿಗ್ರಿ. ಹೊಸ ಎಲೆ ಹಸಿರು, ಹಳದಿಯಾಗಿದ್ದ ಎರಡೆಲೆ ಹಾಗೇ ಇವೆ. ನೀರಿನ ಮಟ್ಟ ಹೀಗೇ ಇರಲಾ?

ಬೇರುನೀರು:
ಇಳಿಸಿ. ನೆಟ್ ಪಾಟಿನ ತಳಕ್ಕೂ ನೀರಿಗೂ 3 ಸೆಂಟಿಮೀಟರ್ ಗಾಳಿ ಬಿಡಿ, ಇನ್ನೆರಡು ವಾರಕ್ಕೆ 5. ಆ ಖಾಲಿ ಜಾಗದ ಬೇರು ನೇರ ಗಾಳಿಯಿಂದ ಉಸಿರಾಡುತ್ತೆ, ಕರೆಂಟು ಒಂದೆರಡು ಗಂಟೆ ಹೋದ್ರೂ ಗಿಡ ತಡೆದುಕೊಳ್ಳುತ್ತೆ. ಅಲ್ಲಿಂದ ಮೇಲೆ ಮತ್ತೆ ನೀರು ಏರಿಸಬೇಡಿ, ಗಾಳಿಗೆ ಒಗ್ಗಿದ ಬೇರು ಮುಳುಗಿದ್ರೆ ಸಾಯುತ್ತೆ.

ಹಸಿಮೆಣಸು:
ಆರನೇ ಜೋಡಿ ಎಲೆ ಬಂದ ಮೇಲೆ ಎಲ್ಲ ಲವಣ ಎರಡು ಪಟ್ಟು ಮಾಡಿ, ಇಸಿ 1.9ರ ಹತ್ತಿರ. 10 ದಿನಕ್ಕೊಮ್ಮೆ ಪೂರ್ತಿ ನೀರು ಬದಲಿಸಿ. ನಡುವೆ ನೀರು ಇಳಿದು ಇಸಿ ಏರಿದ್ರೆ ಬರೀ ಆರ್‌ಒ ನೀರು ತುಂಬಿ, ಇಸಿಯೂ ಇಳಿದಿದ್ರೆ ಅರ್ಧ ಶಕ್ತಿಯ ದ್ರಾವಣ. ಹಳದಿ ಎರಡೆಲೆ ಮತ್ತೆ ಹಸಿರಾಗಲ್ಲ. ಈಗಲೇ ಕೀಳಬೇಡಿ, ಮೇಲೆ ನಾಲ್ಕು ಎಲೆ ಬಲಿತ ಮೇಲೆ ತೆಗೆಯಿರಿ.