ತೂಕದ ಚೀಟಿಯ ಮೇಲೆ 720720: ಎಲ್ಲದರಿಂದಲೂ ಭಾಗವಾಗುವುದೇಕೆ?

ಕಾಟಾ ಗುಮಾಸ್ತ, ಮುಧೋಳ:
ಸಕ್ಕರೆ ಕಾರ್ಖಾನೆಯ ತೂಕದ ಕಾಟಾದಲ್ಲಿ ರಾತ್ರಿ ಪಾಳಿ ನನ್ನದು. ಕಬ್ಬಿನ ಟ್ರ್ಯಾಕ್ಟರುಗಳಿಗೆ ಚೀಟಿ ಹರಿದು ಕೊಡುತ್ತಲೇ ಅದರ ಸಂಖ್ಯೆಯನ್ನು ಭಾಗಿಸಿ ನೋಡುವ ಚಟವಿದೆ. ಮೊನ್ನೆ 720720 ಬಂತು. 1ರಿಂದ 16ರವರೆಗೆ ಯಾವುದರಿಂದ ಭಾಗಿಸಿದರೂ ಶೇಷವಿಲ್ಲ. 17ಕ್ಕೆ ಮಾತ್ರ 5 ಉಳಿಯಿತು. ಕಾರಣವೇನು? ಇಂಥ ಸಂಖ್ಯೆಗೆ ಹೆಸರಿದೆಯೇ? ಚಾಲಕರಿಗೆ ಹೇಳಿದರೆ "ಮೊದಲು ತೂಕ ಹೇಳಪ್ಪಾ" ಎನ್ನುತ್ತಾರೆ.

ನಿವೃತ್ತ ಮಾಸ್ತರ, ಜಮಖಂಡಿ:
ತಮ್ಮಾ, ಕ್ಯಾಲ್ಕ್ಯುಲೇಟರ್ ಪಕ್ಕಕ್ಕಿಡು. 720 ಎರಡು ಸಲ ಬರೆದಿದೆ, ಅಂದರೆ 720 × 1001. ಗುಟ್ಟೆಲ್ಲ ಆ 1001ರಲ್ಲಿದೆ: 7 × 11 × 13. ಯಾವ ಮೂರಂಕಿಯನ್ನು ಹೀಗೆ ಜೋಡಿಸಿ ಬರೆದರೂ ಈ ಮೂವರು ಒಳಗೆ ಕುಳಿತಿರುತ್ತಾರೆ. 586586 ಭಾಗಿಸಿ ನೋಡು. ಉಳಿದದ್ದನ್ನು 720 ನೋಡಿಕೊಳ್ಳುತ್ತದೆ, ಏಕೆಂದರೆ ಅದು 16 × 9 × 5. 14 ಬೇಕೆಂದರೆ 2 ಇಲ್ಲಿಂದ, 7 ಅಲ್ಲಿಂದ. 1ರಿಂದ 16ರವರೆಗಿನ ಲ.ಸಾ.ಅ., ಅಂದರೆ ಅವೆಲ್ಲದರಿಂದಲೂ ಭಾಗವಾಗುವ ಅತಿ ಚಿಕ್ಕ ಸಂಖ್ಯೆ, ಇದೇ. 17 ಅವಿಭಾಜ್ಯ, ಅದಕ್ಕಿಲ್ಲಿ ಜಾಗವಿಲ್ಲ. ಅಲ್ಲಿಗೇ ಏಕೆ ನಿಲ್ಲಿಸಿದೆ? 18, 20, 21, 22 ಎಲ್ಲವೂ ಸಲೀಸಾಗಿ ಹೋಗುತ್ತವೆ.

ಭಾಜಕಗಳನ್ನು ಒಂದೊಂದಾಗಿ ಎಣಿಸುವ ಪಾಡೂ ಬೇಡ. 2ರ ಘಾತ 4, 3ರದ್ದು 2, 5, 7, 11, 13ಕ್ಕೆ ಒಂದೊಂದು. ಪ್ರತಿ ಘಾತಕ್ಕೂ ಒಂದು ಕೂಡಿಸಿ ಗುಣಿಸು: 5 × 3 × 2 × 2 × 2 × 2 = 240. ಇದಕ್ಕಿಂತ ಚಿಕ್ಕ ಯಾವ ಸಂಖ್ಯೆಗೂ ಅಷ್ಟು ಭಾಜಕಗಳಿಲ್ಲ. 665280 ಕೂಡ 224ಕ್ಕೆ ಸುಸ್ತು. ಹೀಗೆ ಹಿಂದಿನವರನ್ನೆಲ್ಲ ಮೀರಿಸುವ ಸಂಖ್ಯೆಗಳಿಗೆ ಹೈಲಿ ಕಾಂಪೋಸಿಟ್ ಎನ್ನುತ್ತಾರೆ. ಇವುಗಳ ಮೇಲೆ ರಾಮಾನುಜನ್ 1915ರಲ್ಲಿ ದೊಡ್ಡ ಪ್ರಬಂಧವನ್ನೇ ಪ್ರಕಟಿಸಿದರು. ನಮ್ಮ ಪಠ್ಯಪುಸ್ತಕಗಳು ಅವರನ್ನು 1729 ಎಂಬ ಟ್ಯಾಕ್ಸಿ ಸಂಖ್ಯೆಯ ಕಥೆಗೆ ಕಟ್ಟಿಹಾಕಿ ಕೈತೊಳೆದುಕೊಂಡಿವೆ, ಅದು ಬೇರೆ ಮಾತು.

ನೇಕಾರ, ಬನಹಟ್ಟಿ:
ಮಾಸ್ತರರು ಅಂಕಿಗಳ ಮೊತ್ತ ಬಿಟ್ಟರು. 7+2+0+7+2+0 = 18; 720720 ÷ 18 = 40040. ತನ್ನ ಅಂಕಿಗಳ ಮೊತ್ತದಿಂದಲೇ ಭಾಗವಾಗುವ ಇಂಥವನ್ನು ಹರ್ಷದ ಸಂಖ್ಯೆ ಎಂದು ಕರೆದವರು ನಾಸಿಕ್ ಬಳಿಯ ದೇವಳಾಲಿಯ ಶಾಲಾ ಶಿಕ್ಷಕ ಕಾಪ್ರೇಕರ್.

ಕಾಟಾ ಗುಮಾಸ್ತ, ಮುಧೋಳ:
ಮಾಸ್ತರರೇ, 240ನ್ನು ಮೀರಿಸುವ ಮುಂದಿನ ಸಂಖ್ಯೆ ಯಾವುದು?

ನಿವೃತ್ತ ಮಾಸ್ತರ, ಜಮಖಂಡಿ:
1081080. ನಿನ್ನದರಿಂದ ಒಂದು 2 ತೆಗೆದು ಒಂದು 3 ಹಾಕು, ಅಷ್ಟೇ. ಘಾತಗಳು 3 ಮತ್ತು 3 ಆದವು; 4 × 4 × 2 × 2 × 2 × 2 = 256. ಆದರೆ ಇದನ್ನು 16ರಿಂದ ಭಾಗಿಸಲು ಹೋಗಬೇಡ, 8 ಉಳಿಯುತ್ತದೆ.