ಕ್ಯಾಪಿಬಾರಾ, ಕಪಿಬಾರ, ನೀರುಹಂದಿ: ಯಾವುದನ್ನು ಬರೆಯಲಿ?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಸಣ್ಣ ತೊಡಕು. ಗೆಳತಿಯೊಬ್ಬರು ಮಕ್ಕಳಿಗೆ ಅಂತ ಪ್ರಾಣಿಗಳ ಚಿತ್ರದ ಕಾರ್ಡು ಅಚ್ಚು ಹಾಕಿಸುತ್ತಿದ್ದಾರೆ. ಒಂದು ಬದಿ ಚಿತ್ರ, ಇನ್ನೊಂದು ಬದಿ ಹೆಸರು ಮತ್ತು ಮೂರು ಸಾಲು. ಕನ್ನಡ ಬರೆದುಕೊಡುವ ಕೆಲಸ ನನ್ನದು. ಆನೆ, ಕರಡಿ, ಮುಂಗುಸಿ ಎಲ್ಲ ಸರಾಗವಾಗಿ ಮುಗಿದವು. ಕ್ಯಾಪಿಬಾರಾ ಹತ್ತಿರ ಬಂದು ನಾಲ್ಕು ದಿನದಿಂದ ಕೂತಿದ್ದೇನೆ.

ಈ ಪ್ರಾಣಿಯನ್ನು ನೋಡದವರು ಈಗ ಕಡಿಮೆ. ಮಲ್ಲೇಶ್ವರದ ಎಂಟನೇ ಕ್ರಾಸಿನ ಫುಟ್‌ಪಾತಿನಲ್ಲಿ ಕಂದು ಬಣ್ಣದ ಬೊಂಬೆಗಳು ರಾಶಿ ಬಿದ್ದಿರುತ್ತವೆ. ಚೌಕ ಮೂತಿ, ಅರ್ಧ ಮುಚ್ಚಿದ ಕಣ್ಣು, ತಲೆ ಮೇಲೊಂದು ಕಿತ್ತಳೆ. ಅಣ್ಣನ ಮಗಳಿಗೆ ಕಳೆದ ವಾರ ಒಂದು ತಂದೆ. ಮಾರುವವನು "ಕಪಿಬಾರ ಮೇಡಂ, ಹಣ್ಣು ಬಿಚ್ಕೊಳುತ್ತೆ ನೋಡಿ" ಅಂತ ಚರ್ರನೆ ಕಿತ್ತು ತೋರಿಸಿದ. ಮನೆಯಲ್ಲಿ ಅಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ನೀನು ದುಡ್ಡು ಕೊಟ್ಟು ತಂದಿದೀಯಲ್ಲೇ" ಎಂದರು.

ಅಮ್ಮ ಹೇಳಿದ್ದು ತಪ್ಪೇನಲ್ಲ. ಇದು ಇಲಿ, ಹೆಗ್ಗಣ, ಅಳಿಲುಗಳ ಗುಂಪಿನದೇ. ಈಗ ಬದುಕಿರುವ ಆ ಗುಂಪಿನ ಪ್ರಾಣಿಗಳಲ್ಲೆಲ್ಲ ದೊಡ್ಡದು. ಚೆನ್ನಾಗಿ ಬೆಳೆದದ್ದು 50 ಕಿಲೋ ತೂಗುತ್ತದೆ, ಅಂದರೆ ಒಂದು ಸಿಮೆಂಟ್ ಮೂಟೆ. (ಪ್ರಾಣಿ ದಕ್ಷಿಣ ಅಮೆರಿಕದ್ದು, ತಲೆ ಮೇಲಿನ ಹಣ್ಣು ಅಲ್ಲಿಯದಲ್ಲ. ಜಪಾನಿನ ಇಜು ಶಾಬೊಟೆನ್ ಮೃಗಾಲಯದಲ್ಲಿ 1982ರಿಂದ ಇವಕ್ಕೆ ಚಳಿಗಾಲದಲ್ಲಿ ಬಿಸಿನೀರ ಸ್ನಾನ. ಆ ನೀರಿನಲ್ಲಿ ಯುಜು ಎಂಬ ಹುಳಿಹಣ್ಣು ತೇಲಿಬಿಡುತ್ತಾರೆ. ನಮ್ಮ ಫುಟ್‌ಪಾತಿಗೆ ಬರುವಷ್ಟರಲ್ಲಿ ಅದು ಕಿತ್ತಳೆ ಆಗಿದೆ.)

ಮೊದಲ ಪ್ರಶ್ನೆ, ಹೆಸರನ್ನು ಬರೆಯುವುದು ಹೇಗೆ? "ಕಪಿಬಾರ" ಅಂದಾಗ ನಾನು ಒಳಗೊಳಗೇ ನಕ್ಕಿದ್ದೆ. ಆಮೇಲೆ ಪದದ ಮೂಲ ಹುಡುಕಿದೆ, ನಗು ನನ್ನ ಕಡೆಗೇ ತಿರುಗಿತು. ಇದು ಬ್ರೆಜಿಲ್ ಕರಾವಳಿಯ ಟೂಪಿ ಭಾಷೆಯ ಮಾತು. 'ಸಣ್ಣ ಎಲೆ ತಿನ್ನುವುದು' ಅಂತ ಅರ್ಥ. ಅದನ್ನು ಪೋರ್ಚುಗೀಸರು 'ಕಪಿವಾರ' ಅಂದರು, ಸ್ಪ್ಯಾನಿಷಿನಲ್ಲಿ 'ಕಪಿಬಾರ' ಆಯಿತು. 'ಕ್ಯಾ' ಬಂದದ್ದು ಇಂಗ್ಲಿಷಿನಿಂದ. ಅಂದರೆ ಎಂಟನೇ ಕ್ರಾಸಿನ ಹುಡುಗನೇ ಅದರ ಊರಿಗೆ ಹತ್ತಿರ ಇದ್ದಾನೆ, ನಾನಲ್ಲ.

ವಿಭಕ್ತಿ ಹಚ್ಚುವಾಗಲೂ ಅವನದ್ದೇ ಸಲೀಸು. 'ಕ್ಯಾಪಿಬಾರಾ' ಎಂದು ಬರೆದರೆ ಮುಂದೆ ಏನು? ಕ್ಯಾಪಿಬಾರಾಗೆ? ಕ್ಯಾಪಿಬಾರಾಕ್ಕೆ? ಝೀಬ್ರಾ, ಕ್ಯಾಮೆರಾಗಳಲ್ಲೂ ಇದೇ ಗೋಳು, ಪತ್ರಿಕೆಗಳಲ್ಲೂ ಒಬ್ಬೊಬ್ಬರದು ಒಂದೊಂದು ರೀತಿ. 'ಕಪಿಬಾರ' ಅಂತ ಕೊನೆಯ ದೀರ್ಘ ಬಿಟ್ಟರೆ ಮೊಲಕ್ಕೆ, ಹೆಗ್ಗಣಕ್ಕೆ ಇದ್ದ ಹಾಗೆ ಕಪಿಬಾರಕ್ಕೆ. ಸಮಸ್ಯೆಯೇ ಇಲ್ಲ. ಅಡ್ಡಿ ಒಂದೇ, ಆ 'ಕಪಿ'. ನಮ್ಮ ಮನೆಯ ಹುಡುಗಿ ಈಗಾಗಲೇ ತಮ್ಮನನ್ನು "ಕಪಿ, ಬಾರೋ" ಅಂತ ಕರೆಯುತ್ತಿದ್ದಾಳೆ. ಕಾರ್ಡು ನೋಡಿದ ಮಗು ಚಿತ್ರದಲ್ಲಿ ಕೋತಿ ಹುಡುಕಿದರೆ ತಪ್ಪು ಯಾರದ್ದು?

ಎರಡನೇ ಪ್ರಶ್ನೆ, ಕನ್ನಡದ್ದೇ ಒಂದು ಹೆಸರು ಬೇಕಾ? ನಾನು ಕೇಳಿದವರಲ್ಲಿ ಒಬ್ಬರು 'ನೀರಿಲಿ' ಅಂದರು. ಕೇಳಲು ಚೆನ್ನಾಗಿದೆ. ಆದರೆ ಫೋನಿನಲ್ಲಿ ಹೇಳಿ ನೋಡಿ, "ನೀರಿಲ್ಲ" ಅಂತಲೇ ಕೇಳಿಸುತ್ತದೆ. ಏಪ್ರಿಲ್ ತಿಂಗಳ ಬೆಂಗಳೂರಿನಲ್ಲಿ ಅದನ್ನು ಕೇಳಿದವರು ಟ್ಯಾಂಕರಿಗೆ ಫೋನ್ ಮಾಡುತ್ತಾರೆ. ಇನ್ನೊಬ್ಬರು 'ಹೆಬ್ಬಿಲಿ' ಅಂದರು. ಅದು ಹೆಬ್ಬಾವು, ಹೆಜ್ಜೇನುಗಳ ದಾರಿ ಹಿಡಿದ ಪದ. ಆದರೆ 'ದೊಡ್ಡ' ಅನ್ನುವ ಅರ್ಥದ ಆ 'ಹೆ' ಮುಂದೆ ಸ್ವರ ಬಂದರೆ 'ಹೇರ್' ಆಗಬೇಕಲ್ವಾ, ಹೇರಡವಿ (ದೊಡ್ಡ ಅಡವಿ) ಇದ್ದ ಹಾಗೆ? ಹಾಗಾದರೆ 'ಹೇರಿಲಿ'. ವ್ಯಾಕರಣ ಸರಿ, ಮಕ್ಕಳು ಓಡಿಹೋಗುತ್ತಾರೆ.

ನನ್ನ ಒಲವು 'ನೀರುಹಂದಿ' ಕಡೆಗೆ. "ಅದು ಹಂದಿಯಲ್ಲ, ಇಲಿ" ಅಂತ ಯಾರಾದರೂ ಹೇಳಿಯೇ ಹೇಳುತ್ತೀರಿ, ಗೊತ್ತು. ಆದರೆ ನಮ್ಮಲ್ಲಿ 'ನೀರು' ಹಚ್ಚಿದ ಹೆಸರುಗಳನ್ನು ಒಮ್ಮೆ ನೋಡಿ. ನೀರುನಾಯಿ ನಾಯಿಯಲ್ಲ. ನೀರುಕಾಗೆ ಕಾಗೆಯಲ್ಲ. ನೀರಾನೆ ಆನೆಯಲ್ಲ, ಅದನ್ನೇ ನೀರುಕುದುರೆ ಅಂದರೂ ಕುದುರೆಯಲ್ಲ. ನೀರುಹಾವು ಮಾತ್ರ ನಿಜವಾಗಿ ಹಾವು, ಅದನ್ನು ಬದಿಗಿಡೋಣ. ಕನ್ನಡದವರು ನೆಂಟಸ್ತಿಕೆ ನೋಡಿ ಹೆಸರಿಟ್ಟಿಲ್ಲ, ಕಣ್ಣಿಗೆ ಕಂಡದ್ದು ನೋಡಿ ಇಟ್ಟಿದ್ದಾರೆ. ಈ ಲೆಕ್ಕದಲ್ಲಿ 'ನೀರಿಲಿ' ಅಂದರೆ ಇಲಿಯಂತೆ ಕಾಣುವ, ಇಲಿಯಲ್ಲದ ಏನೋ ಒಂದು ಅಂತಾಗುತ್ತದೆ!

ಹಂದಿಗೂ ಈ ಗುಂಪಿಗೂ ಹಳೇ ಗಂಟು ಬೇರೆ ಇದೆ. ನಮ್ಮ ಮುಳ್ಳುಹಂದಿ ಹಂದಿಯೇ ಅಲ್ಲ, ಅದೂ ಇಲಿಗಳ ಗುಂಪಿನದೇ. ಲ್ಯಾಬಿನ ಗಿನಿ ಹಂದಿಯೂ ಅಷ್ಟೇ, ಮೇಲಾಗಿ ಅದು ಕಪಿಬಾರದ ಹತ್ತಿರದ ದಾಯಾದಿ. ತೆಲುಗಿನವರು ಹೆಗ್ಗಣವನ್ನು 'ಪಂದಿಕೊಕ್ಕು' ಅನ್ನುತ್ತಾರೆ, ಹಂದಿ ಇಲಿ. ಇಂಗ್ಲಿಷಿನ 'ಬ್ಯಾಂಡಿಕೂಟ್' ಹುಟ್ಟಿದ್ದೇ ಅದರಿಂದ. ಕಪಿಬಾರದ ವೈಜ್ಞಾನಿಕ ಹೆಸರಿನಲ್ಲಿರುವ ಗ್ರೀಕ್ ಮಾತುಗಳಿಗೂ 'ನೀರು', 'ಹಂದಿ' ಅಂತಲೇ ಅರ್ಥ. ಜೀವಿಗಳಿಗೆ ವೈಜ್ಞಾನಿಕ ಹೆಸರಿಡುವ ಪದ್ಧತಿ ತಂದ ಲಿನೇಯಸ್ 1766ರಲ್ಲಿ ಇದನ್ನು ಹಂದಿಗಳ ಜೊತೆಗೇ ಕಟ್ಟಿಹಾಕಿದ್ದ. ಜರ್ಮನರೂ ಚೀನೀಯರೂ ಇವತ್ತಿಗೂ ನೀರುಹಂದಿ ಅನ್ನುತ್ತಾರೆ. ವೆನೆಜುವೆಲಾದಲ್ಲಿ ಇದರ ಹೆಸರು 'ಚಿಗ್ವಿರೆ'. ಅಲ್ಲಿ ಈಸ್ಟರಿಗೆ ಮುಂಚಿನ ವ್ರತದ ದಿನಗಳಲ್ಲಿ ಮಾಂಸ ಬಿಟ್ಟವರೂ ಇದನ್ನು ತಿನ್ನುತ್ತಾರೆ. ನೀರಿನಲ್ಲಿರುತ್ತದಲ್ಲ, ಮೀನಿನ ಲೆಕ್ಕ.

ಮೂರನೆಯದು ಇಡೀ ಗುಂಪಿನ ಹೆಸರು. ಪುಸ್ತಕಗಳಲ್ಲಿ 'ದಂಶಕ' ಅಂತ ಕಾಣುತ್ತದೆ. ನನಗೆ ಅದು ಒಗ್ಗುತ್ತಿಲ್ಲ. ದಂಶ ಅಂದರೆ ಕಚ್ಚುವುದು. ನಾಯಿಯೂ ಕಚ್ಚುತ್ತದೆ, ಸೊಳ್ಳೆಯೂ ಕಚ್ಚುತ್ತದೆ. ಈ ಗುಂಪಿನ ಗುರುತು ಮುಂದಿನ ಬಾಚಿಹಲ್ಲು. ಅದು ಬದುಕಿರುವಷ್ಟು ದಿನವೂ ಬೆಳೆಯುತ್ತಲೇ ಇರುತ್ತದೆ. ಕಡಿದು ಕಡಿದು ಸವೆಸದಿದ್ದರೆ ಉಳಿಗಾಲವಿಲ್ಲ. ಬಡಗಿ ಮರ ಕೆತ್ತುವ ಬಾಚಿಯಿಂದಲೇ ಆ ಹಲ್ಲಿಗೆ ಹೆಸರು ಬಂದಿರುವಾಗ ಗುಂಪಿಗೂ 'ಬಾಚಿಹಲ್ಲಿಗಗಳು' ಅಂದರೆ ಹೇಗೆ? 'ಹಲ್ಲಿ' ಅಂತ ಓದಿ ಗೋಡೆ ನೋಡಿಬಿಡುತ್ತಾರೋ ಏನೋ. ಸದ್ಯಕ್ಕೆ ಕಾರ್ಡಿನಲ್ಲಿ 'ಇಲಿ, ಅಳಿಲುಗಳ ಗುಂಪಿನ ಪ್ರಾಣಿ' ಅಂತ ಬರೆದು ಬಿಟ್ಟಿದ್ದೇನೆ.

ಈಗಿರುವ ಕರಡು ಇದು: "ಕಪಿಬಾರ (ನೀರುಹಂದಿ). ಇಲಿ, ಅಳಿಲುಗಳ ಗುಂಪಿನಲ್ಲೆಲ್ಲ ದೊಡ್ಡದು. ಹುಲ್ಲು ಮೇಯುತ್ತದೆ, ಹಿಂಡಿನಲ್ಲಿ ಇರುತ್ತದೆ. ಕಣ್ಣು, ಕಿವಿ, ಮೂಗು ತಲೆಯ ಮೇಲ್ಗಡೆಯೇ ಇರುವುದರಿಂದ ಮೈಯೆಲ್ಲ ಮುಳುಗಿಸಿಕೊಂಡೇ ಸುತ್ತ ನೋಡಬಲ್ಲದು."

ಕಂಸದ ಒಳಗೆ ಯಾವುದು, ಹೊರಗೆ ಯಾವುದು ಅನ್ನುವುದನ್ನು ದಯವಿಟ್ಟು ಹೇಳಿ. ಕರಾವಳಿ, ಮಲೆನಾಡಿನ ಕಡೆಯವರು ಇನ್ನೊಂದು ವಿಷಯ ತಿಳಿಸಬೇಕು. ನಿಮ್ಮಲ್ಲಿ 'ನೀರುಹಂದಿ' ಅಂತ ಬೇರೆ ಯಾವುದಾದರೂ ಪ್ರಾಣಿಗೆ ಈಗಾಗಲೇ ಹೆಸರಿದೆಯಾ? ಇದ್ದರೆ ಈ ಕಾಗದವೆಲ್ಲ ದಂಡ. ಫೈಲು ಗುರುವಾರ ಚಾಮರಾಜಪೇಟೆಯ ಪ್ರೆಸ್ಸಿಗೆ ಹೋಗುತ್ತದೆ. ಹೆಸರಿಗೆ ಬಿಟ್ಟಿರುವ ಜಾಗ ಎರಡು ಬೆರಳಗಲ ಅಷ್ಟೇ, ಜಾಸ್ತಿ ಉದ್ದದ್ದು ಹಿಡಿಸುವುದಿಲ್ಲ.